ಜಡ್ಜಪ್ಪ ಕುರ್ಚಿಯಿಂದ ಅರ್ಧ ಎದ್ದದ್ದು

ಬುಧವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ಅಳಿಯನಿಗೆ ಅಜ್ಜಿಯ ಆಶೀರ್ವಾದ.

ತಾವು ಅಂತ ಶುರು ಮಾಡಿ ಎರಡು ಹಾಳೆ ಹಾಳು ಮಾಡಿದೆ. ದೇಶಕ್ಕೇ ಅಧ್ಯಕ್ಷನಾದವನಿಗೆ ತಾವು ಅನ್ನಬೇಕು, ಮುಂದೆ ಮಾನ್ಯ ಅಂತ ಹಾಕಬೇಕು ಅಂತ ನಿನ್ನ ಮನೆಯ ಶಿಷ್ಟಾಚಾರದ ಅಧಿಕಾರಿ ನನಗೆ ಪಾಠ ಮಾಡಿದ್ದ. ಆದರೆ ತಾವು ಅಂತ ಬರೆದ ಕೂಡಲೇ ಬೈಯೋದಕ್ಕೆ ಕೈ ಏಳುವುದಿಲ್ಲ. ಆದ್ದರಿಂದ ನೀನು ಅಂತಲೇ ಬರೆಯುತ್ತೇನೆ. ಮೊಮ್ಮಗಳ ಗಂಡನನ್ನ ಅಳಿಯ ಅನ್ನೋದು ಸರಿಯಲ್ಲ ಅಂತ ನೀನೇ ಒಂದು ಸಲ ನಗಾಡಿದ್ದೆ. ಅವಳ ಅಪ್ಪ ಅಮ್ಮ ಹೋದ ಮೇಲೆ ಸಾಕಿದವಳು ನಾನು. ಮಗಳೂ ಅವಳೇ, ಮೊಮ್ಮಗಳೂ ಅವಳೇ. ಹಾಗಾಗಿ ನೀನು ಅಳಿಯನೇ, ತಿದ್ದೋಕೆ ಬರಬೇಡ.

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಕಾಗದ ಶುರು ಮಾಡಬೇಕು ಅಂತ ಮೂರನೇ ಕ್ಲಾಸಿನ ಮೇಷ್ಟ್ರು ಹೇಳಿಕೊಟ್ಟಿದ್ದರು. ಅಲ್ಲಿಂದ ಮುಂದೆ ನಾನು ಕಲಿಯಲೂ ಇಲ್ಲ. ಇವತ್ತು ಆ ಸಾಲು ಬರೆಯೋಕೆ ಮನಸ್ಸು ಒಪ್ಪಲಿಲ್ಲ. ನನ್ನದೇನು, ಮಂಡಿ ನೋವು ಬಿಟ್ಟರೆ ಗಟ್ಟಿಯಾಗಿದ್ದೇನೆ. ನಿನ್ನ ಕ್ಷೇಮ ದಿನಾ ಟೀವಿಯಲ್ಲಿ ಕಾಣುತ್ತದೆ, ಸ್ವಲ್ಪ ದಪ್ಪ ಆಗಿದ್ದೀಯ. ಅವಳ ಕ್ಷೇಮದ ವಿಷಯ ತಿಳಿಸೋಕೇ ಈ ಕಾಗದ.

ಅವಳಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ. ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನಿದ್ದೆ ಇಲ್ಲ. ನಿದ್ದೆ ಬಂದವರು ಹಾಗೆ ಕಾಲಿನ ಹೆಬ್ಬೆರಳು ಆಡಿಸುತ್ತಾ ಮಲಗೋದಿಲ್ಲ. ಚಿಕ್ಕವಳಿದ್ದಾಗಿನಿಂದ ನಾನು ಅವಳಿಗಿಟ್ಟ ಹೆಸರು ತಕರಾರು, ನಿನಗೆ ಗೊತ್ತಲ್ಲ. ಹಾಲು ಕುಡಿ ಅಂದರೆ ತಕರಾರು, ಕುಡೀಬೇಡ ಬಿಡು ಅಂದರೆ ಅದಕ್ಕೂ ತಕರಾರು. ಅವಳು ವಕೀಲಳಾದದ್ದು ಆಶ್ಚರ್ಯ ಅಲ್ಲ, ಬೇರೆ ಏನಾದರೂ ಆಗಿದ್ದರೆ ಆಶ್ಚರ್ಯ. ಅಂಥವಳು ಈಗ ಊಟಕ್ಕೆ ಬಾ ಅಂದರೆ ಬರುತ್ತಾಳೆ, ಮಲಗು ಅಂದರೆ ಮಲಗುತ್ತಾಳೆ. ಮೊನ್ನೆ ಬೇಕೂಂತಲೇ ಪಲ್ಯಕ್ಕೆ ಉಪ್ಪೇ ಹಾಕಲಿಲ್ಲ ನಾನು. ತಿಂದಳು, ತಟ್ಟೆ ತೊಳೆದಿಟ್ಟಳು, ಹೋದಳು. ಆಗ ನನಗೆ ನಿಜವಾಗಿ ಹೆದರಿಕೆ ಆಯಿತು.

ನಿನ್ನೆ ಬೆಳಿಗ್ಗೆ ನಿನ್ನ ಶಿಷ್ಟಾಚಾರದವನು ಬಂದಿದ್ದ. ಆ ಕಾರು ನಮ್ಮ ಓಣಿಗೆ ಹಿಡಿಸೋದಿಲ್ಲ ಅಂತ ಎಷ್ಟು ಸಲ ಹೇಳಬೇಕೋ. ಕೆಳಗಿನ ಇಸ್ತ್ರಿಯವನ ಮೇಜು ಎತ್ತಿಸಿದ, ಅವನ ಕೆಂಡವೆಲ್ಲ ಬೀದಿಗೆ ಬಿತ್ತು. ಆಮೇಲೆ ಬಾಗಿಲು ತಟ್ಟಿ, ಮೇಡಂ ಅವರನ್ನ ಕರೆದುಕೊಂಡು ಬರೋದಕ್ಕೆ ಅಪ್ಪಣೆಯಾಗಿದೆ ಅಂದ. ಯಾರ ಅಪ್ಪಣೆ ಅಂತ ಕೇಳಿದೆ. ಅಧ್ಯಕ್ಷರ ಭವನದ್ದು ಅಂದ. ಭವನಕ್ಕೆ ಬಾಯಿ ಯಾವಾಗ ಬಂತಪ್ಪಾ ಅಂದೆ. ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ. ಶನಿವಾರ ಹೊರದೇಶದ ಅಧ್ಯಕ್ಷರು ಪತ್ನಿಯ ಜೊತೆ ಬರುತ್ತಾರೆ, ಊಟದ ಮೇಜಿನಲ್ಲಿ ಮೇಡಂ ಅವರ ಕುರ್ಚಿ ಖಾಲಿ ಉಳಿದರೆ ಚೆನ್ನಾಗಿರೋದಿಲ್ಲ ಅಂದ. ಅಲ್ಲೊಂದು ಹೂಕುಂಡ ಇಡಿ, ಅವಳಿಂದ ನೀವು ಮಾಡಿಸುತ್ತಿದ್ದದ್ದೂ ಅದೇ ಕೆಲಸ ಅಂದೆ. ಅಜ್ಜೀ, ಮೇಡಂ ಇಲ್ಲದ್ದು ಎಲ್ಲರ ಗಮನಕ್ಕೂ ಬರುತ್ತೆ ಅಂತ ಅಂಗಲಾಚಿದ. ಒಳ್ಳೇದಾಯ್ತು, ಇದ್ದಾಗ ಯಾರ ಗಮನಕ್ಕೂ ಬಂದಿರಲಿಲ್ಲ ಅಂದೆ. ಪಾಪ, ಅವನದೇನು ತಪ್ಪು. ಸಂಬಳಕ್ಕೆ ಬಗ್ಗುವವನು. ಚಹಾ ಕೊಟ್ಟು ಕಳಿಸಿದೆ. ಕಾರು ಹಿಂದಕ್ಕೆ ತೆಗೆಯೋಕೆ ಇಸ್ತ್ರಿಯವನೇ ಕೈ ಬೀಸಿ ದಾರಿ ತೋರಿಸಬೇಕಾಯಿತು, ಬೈಯುತ್ತಲೇ ತೋರಿಸಿದ.

ಕಾರು ಹೋದ ಮೇಲೆ ಇವಳು ಕೋಣೆಯಿಂದ ಬಂದಳು. ಅಜ್ಜೀ, ನಾನು ಇನ್ನು ಅಲ್ಲಿಗೆ ಹೋಗೋದಿಲ್ಲ ಅಂದಳು. ಅಷ್ಟೇ. ಕೂಗಲಿಲ್ಲ, ಅಳಲಿಲ್ಲ. ಅವಳು ಕೂಗಾಡಿದರೆ ನನಗೆ ಧೈರ್ಯ, ಇನ್ನೂ ವಾದ ನಡೀತಿದೆ ಅಂತ. ಮೆತ್ತಗೆ ಹೇಳಿದಳು ಅಂದರೆ ತೀರ್ಪು ಬರೆದಾಯಿತು ಅಂತ. ನಲವತ್ತೈದು ದಾಟಿದ ಹೆಂಗಸು, ನಾನು ಹೇಳಿದರೆ ಕೇಳೋ ವಯಸ್ಸಲ್ಲ. ನೀನು ಕಳಿಸೋ ಕಾರಿಗೂ ಕೇಳೋದಿಲ್ಲ. ಆ ತೀರ್ಪಿನ ಮೇಲೆ ಶಾಯಿ ಆರುವುದರೊಳಗೆ ನೀನೇ ಏನಾದರೂ ಮಾಡಬೇಕು. ಏನು ಅಂತ ಕೊನೆಗೆ ಹೇಳುತ್ತೇನೆ. ಮೊದಲು ನಡೆದದ್ದನ್ನ ಕೇಳಿಸಿಕೋ. ನಿನಗೆ ಅರ್ಧ ಗೊತ್ತು, ಆ ಅರ್ಧವೂ ಪೇಪರಿನವರು ಹೇಳಿದ್ದು.

ನೀನು ಅವಳ ಹತ್ತಿರ ಮೊದಲು ಬಂದದ್ದು ಕಕ್ಷಿದಾರನಾಗಿ. ಕಾಲೇಜಿನವರು ಮೇಷ್ಟ್ರ ಕೆಲಸದಿಂದ ತೆಗೆದುಹಾಕಿದ್ದರು, ನೀನು ಈ ಮನೆಯ ಮೆಟ್ಟಿಲ ಮೇಲೆ ಛತ್ರಿ ಹಿಡಕೊಂಡು ಕೂತಿದ್ದೆ. ಕೆಲಸ ವಾಪಸ್ ಕೊಡಿಸಿದಳು. ಕೇಸು ಮುಗಿದ ಮೇಲೂ ಅದೊಂದು ಸಹಿ, ಇದೊಂದು ಸ್ಟಾಂಪು ಅಂತ ಬರುತ್ತಲೇ ಇದ್ದೆ. ಈ ಮೇಷ್ಟ್ರಿಗೆ ಇನ್ನೂ ಯಾವ ಸ್ಟಾಂಪು ಬಾಕಿ ಇದೆಯೇ ಅಂತ ನಾನು ಕೇಳಿದಾಗ ಅವಳ ಮುಖ ಕಿವಿಯವರೆಗೂ ಕೆಂಪಾಗಿತ್ತು. ಮದುವೆ ಆದ ಮೇಲೆ ನೀವಿಬ್ಬರೂ ಈ ಅಡುಗೆಮನೆಯಲ್ಲೇ ಕೋರ್ಟು ನಡೆಸುತ್ತಿದ್ದಿರಿ. ನಾಳೆಯ ವಾದವನ್ನ ಅವಳು ಇವತ್ತು ನಿನ್ನ ಮುಂದೆ ಒಪ್ಪಿಸೋದು, ನೀನು ಸ್ಟೂಲಿನ ಮೇಲೆ ಜಡ್ಜಾಗಿ ಕೂತು ಅಡ್ಡಪ್ರಶ್ನೆ ಹಾಕೋದು. ಕಾನೂನಿನ ಗಂಧ ನಿನಗೆ ಎಳ್ಳಷ್ಟೂ ಇರಲಿಲ್ಲ. ಅದಕ್ಕೇ ನಿನ್ನ ಪ್ರಶ್ನೆಗಳು ಚೆನ್ನಾಗಿರುತ್ತಿದ್ದವು. ಹಾಗಾದರೆ ಆ ಹೆಂಗಸು ಅವತ್ತೇ ಯಾಕೆ ಹೇಳಲಿಲ್ಲ, ಅಂತ ಕೇಳುತ್ತಿದ್ದೆ. ಇವಳು ಸೌಟು ಹಿಡಿದುಕೊಂಡೇ ಯೋಚನೆ ಮಾಡುತ್ತಿದ್ದಳು. ಇಬ್ಬರ ಮಧ್ಯೆ ನನ್ನ ಅಡುಗೆ ಎಷ್ಟು ಸಲ ಸೀದುಹೋಯಿತು ಅಂತ ಲೆಕ್ಕ ಇಟ್ಟಿಲ್ಲ.

ನೀನು ರಾಜಕೀಯಕ್ಕೆ ಬಿದ್ದ ಮೇಲೆ ಸಭೆ, ಮೆರವಣಿಗೆ, ಜೈಲು, ಮತ್ತೆ ಸಭೆ. ಮನೆ ನಡೆದದ್ದು ಅವಳ ಕರಿ ಕೋಟಿನಿಂದ. ಅದನ್ನ ಅವಳು ಯಾವತ್ತೂ ಆಡಿ ತೋರಿಸಲಿಲ್ಲ, ನಾನು ತೋರಿಸುತ್ತಿದ್ದೇನೆ. ಕೊನೆಗೆ ನೀನು ಅಧ್ಯಕ್ಷನಾದೆ. ಆ ದಿನ ನಮ್ಮ ಓಣಿಯವರೆಲ್ಲ ನನ್ನ ಕೈ ಕುಲುಕಿದರು, ನನಗೂ ಖುಷಿಯೇ ಆಯಿತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಆ ದೊಡ್ಡ ಮನೆಗೆ ನಾನು ಬಂದು ಇದ್ದಷ್ಟು ದಿನವೂ ನೋಡಿದೆ. ಬೆಳಿಗ್ಗೆ ಎದ್ದರೆ ಬಟ್ಟೆ ಆರಿಸೋಕೆ ಒಬ್ಬಳು, ಕೂದಲಿಗೆ ಒಬ್ಬಳು. ಅವಳ ಕರಿ ಕೋಟನ್ನ ಯಾರೋ ಒಗೆಸಿ, ಪ್ಲಾಸ್ಟಿಕ್ಕು ಹೊದಿಸಿ, ಹಳೇ ಪರದೆಗಳ ಜೊತೆ ಬೀರುವಿನಲ್ಲಿ ನೇತುಹಾಕಿದ್ದರು. ಅವಳನ್ನ ಹುಡುಕಿಕೊಂಡು ಬರುವ ಹೆಂಗಸರು ಎಂಥವರು ನಿನಗೆ ಗೊತ್ತು. ಕೆನ್ನೆ ಊದಿಸಿಕೊಂಡು, ಗಂಡನ ಕಣ್ಣು ತಪ್ಪಿಸಿ, ಉಟ್ಟ ಬಟ್ಟೆಯಲ್ಲಿ ಬರುವವರು. ಗೇಟಿನಲ್ಲಿ ಅವರಿಗೆ ಗುರುತಿನ ಚೀಟಿ ಕೇಳಿದರು, ಭೇಟಿಯ ಕಾರಣ ಬರೆಯಿರಿ ಅಂದರು. ಯಾರು ಬರೆಯುತ್ತಾರೆ, ನನ್ನ ಗಂಡ ಹೊಡೀತಾನೆ ಅಂತ ಬಂದೂಕು ಹಿಡಿದವನ ಮುಂದೆ? ಒಬ್ಬೊಬ್ಬರಾಗಿ ಬರೋದು ಬಿಟ್ಟರು. ಇವಳು ಅತಿಥಿಗಳ ಹೆಂಡತಿಯರ ಪಕ್ಕ ಕೂತು ಹೂವಿನ ವಿಷಯ, ಹವೆಯ ವಿಷಯ ಮಾತಾಡಿದಳು. ಎರಡನ್ನೂ ವಾದ ಮಾಡಿ ಗೆಲ್ಲೋಕೆ ಆಗೋದಿಲ್ಲ ಅಜ್ಜೀ ಅಂತ ನನ್ನ ಹತ್ತಿರ ನಕ್ಕಿದ್ದಳು.

ಉಳಿದದ್ದು ಒಂದೇ ಕೇಸು, ಕಂಡಕ್ಟರಮ್ಮನದು. ನಮ್ಮೂರಿನ ಬಸ್ಸಿನಲ್ಲಿ ಟಿಕೆಟು ಹರಿಯುವವಳು. ಗಂಡ ಮರದ ಅಂಗಡಿಯವನು, ಕೈಯಲ್ಲಿ ದುಡ್ಡಿದೆ, ಕೈಯೂ ಓಡುತ್ತದೆ. ಆಕೆ ಅವನನ್ನ ಬಿಟ್ಟು ಬಂದಾಗ ಮಗಳನ್ನ ಇಟ್ಟುಕೊಂಡ. ಬೆಳಗಿನ ಪಾಳಿ ಸಂಜೆ ಪಾಳಿ ಅಂತ ಊರು ತಿರುಗೋಳು ಮಗು ಏನು ಸಾಕ್ತಾಳೆ ಅಂತ ಅವನ ವಾದ. ಈ ಒಂದನ್ನ ಮುಗಿಸಿಬಿಡುತ್ತೇನೆ, ಆಕೆಗೆ ಮಾತು ಕೊಟ್ಟಿದ್ದೇನೆ ಅಂತ ಇವಳು ಕೇಳಿದಾಗ ನೀನು ಪೇಪರಿನಿಂದ ತಲೆ ಎತ್ತದೆ ಆಗಲಿ ಅಂದೆ. ಅಡ್ಡಪ್ರಶ್ನೆ ಒಂದೂ ಹಾಕಲಿಲ್ಲ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

ಕೊನೆಯ ವಾದದ ದಿನ ನಾನೂ ಕೋರ್ಟಿಗೆ ಹೋಗಿದ್ದೆ. ಮನೆಯಲ್ಲಿ ಕೂತು ಬೇಜಾರು ಅಂತ ನೆಪ ಹೇಳಿದೆ, ಅವಳನ್ನ ಕರಿ ಕೋಟಿನಲ್ಲಿ ನೋಡಿ ವರ್ಷ ಆಗಿತ್ತು ಅನ್ನೋದು ನಿಜ. ಆ ಕೋರ್ಟು ನಿನಗೆ ಗೊತ್ತಿರೋದೇ. ಹಸಿರು ಗೋಡೆ, ಕಾಲು ಅಲ್ಲಾಡುವ ಬೆಂಚು, ತಿರುಗೋದಕ್ಕಿಂತ ಹೆಚ್ಚು ಸದ್ದು ಮಾಡುವ ಫ್ಯಾನು. ಜಡ್ಜಪ್ಪ ಬೇರೆ ಊರಿನಿಂದ ಹೊಸದಾಗಿ ವರ್ಗವಾಗಿ ಬಂದವನು. ಇವಳು ಅವನ ಮುಂದೆ ನಿಲ್ಲುವುದು ಅವತ್ತೇ ಮೊದಲು. ಅವನು ಬಂದಾಗ ನಾವೆಲ್ಲ ಎದ್ದೆವು, ಕೂತೆವು. ಇವಳು ಇನ್ನೂ ಹೊರಗೆ ವರಾಂಡದಲ್ಲಿದ್ದಳು, ಹೆದರಿದ್ದ ಕಂಡಕ್ಟರಮ್ಮನಿಗೆ ನೀರು ಕುಡಿಸುತ್ತಿದ್ದಳು. ಕೇಸು ಕೂಗಿದರು. ಪಕ್ಕದ ಬಾಗಿಲು ಕಿರ್ರ್ ಅಂತು. ಇವಳು ಫೈಲನ್ನ ಸೊಂಟಕ್ಕೆ ಒತ್ತಿಕೊಂಡು, ಯಾವಾಗಿನ ಹಾಗೆ ದಡದಡ ಒಳಗೆ ಬಂದಳು.

ಜಡ್ಜಪ್ಪ ತಲೆ ಎತ್ತಿದ. ಕುರ್ಚಿಯ ಕೈ ಹಿಡಿದು ಅರ್ಧ ಎದ್ದ.

ಪೂರ್ತಿ ನಿಲ್ಲಲಿಲ್ಲ. ಮಧ್ಯದಲ್ಲೇ ನೆನಪಾದವನ ಹಾಗೆ ಕೂತು ಕಾಗದ ಸರಿ ಮಾಡಿಕೊಂಡ. ಆದರೆ ಕೋರ್ಟಿನಲ್ಲಿದ್ದವರೆಲ್ಲ ನೋಡಿದರು. ಜಡ್ಜು ಬಂದರೆ ಊರೆಲ್ಲ ಏಳುವ ಜಾಗದಲ್ಲಿ ಜಡ್ಜೇ ಎದ್ದದ್ದನ್ನ ಯಾರು ಮರೆಯುತ್ತಾರೆ? ಎದುರು ಪಾರ್ಟಿ ವಕೀಲ ತನ್ನ ಪಕ್ಕದವನನ್ನ ಮೊಣಕೈಯಲ್ಲಿ ತಿವಿದ. ನಾನು ಏನು ಮಾಡಿದೆ ಗೊತ್ತಾ? ಪಕ್ಕದ ಬೆಂಚಿನವಳಿಗೆ, ನನ್ನ ಅಳಿಯನ ಹೆಸರು ಕೇಳಿದರೇ ಜಡ್ಜುಗಳು ಎದ್ದು ನಿಲ್ಲುತ್ತಾರೆ ನೋಡು ಅಂತ ಜಂಬ ಕೊಚ್ಚಿದೆ.

ಇವಳು ಮಾತ್ರ ಒಂದು ಗಳಿಗೆ ನಿಂತಲ್ಲೇ ನಿಂತಳು. ಆಮೇಲೆ ವಾದ ಶುರು ಮಾಡಿದಳು. ಎಂಥಾ ವಾದ ಅಂತೀಯ! ಆಕೆ ಊರು ತಿರುಗೋದು ನಿಜ, ಆದರೆ ದಿನಾ ಅದೇ ದಾರಿಯಲ್ಲಿ ಹೋಗಿ ಅದೇ ಹೊತ್ತಿಗೆ ಅದೇ ನಿಲ್ದಾಣಕ್ಕೆ ವಾಪಸ್ ಬರುತ್ತಾಳೆ, ಈ ಊರಿನಲ್ಲಿ ಎಷ್ಟು ಗಂಡಸರ ಬಗ್ಗೆ ಹಾಗೆ ಹೇಳಬಹುದು ಅಂತ ಕೇಳಿದಳು. ಬೆಂಚುಗಳೆಲ್ಲ ನಕ್ಕವು. ತೀರ್ಪು ತಾಯಿಯ ಕಡೆ ಆಯಿತು.

ಮಗು ಮನೆಗೆ ಬಂತು. ರಜೆಯ ದಿನ ಅಮ್ಮನ ಜೊತೆ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು, ಸೀಟಿ ಊದೋದು ತನ್ನ ಕೆಲಸ ಅಂತ ಹಟ ಮಾಡುತ್ತಿತ್ತಂತೆ. ಬಸ್ಸು ಒಂದು ಸಲ ಸುಮ್ಮಸುಮ್ಮನೆ ಮೂರು ಕಡೆ ನಿಂತಿತಂತೆ. ಕಂಡಕ್ಟರಮ್ಮ ಇಲ್ಲಿಗೆ ಬಂದು ಇದನ್ನೆಲ್ಲ ಹೇಳಿ ನಗುವಾಗ ಆಕೆಗೂ ಹಲ್ಲಿದೆ ಅಂತ ನನಗೆ ಗೊತ್ತಾಯಿತು.

ಆ ನಗು ಬಹಳ ದಿನ ಬಾಳಲಿಲ್ಲ. ಮರದ ಅಂಗಡಿಯವನು ಮೇಲಿನ ಕೋರ್ಟಿಗೆ ಹೋದ. ಅಧ್ಯಕ್ಷರ ಹೆಂಡತಿಗೆ ಎದ್ದು ನಿಲ್ಲುವ ಜಡ್ಜು ನನಗೇನು ನ್ಯಾಯ ಕೊಟ್ಟಾನು ಅಂದ. ಪೇಪರಿನವರಿಗೆ ಹಬ್ಬ. ಮೇಲಿನ ಕೋರ್ಟು ತೀರ್ಪು ರದ್ದು ಮಾಡಿತು, ಬೇರೆ ಜಡ್ಜು ಮೊದಲಿನಿಂದ ಕೇಳಲಿ, ಅಲ್ಲಿಯವರೆಗೆ ಮಗು ಮೊದಲಿದ್ದ ಕಡೆಗೆ ಹೋಗಲಿ ಅಂತ. ಜಡ್ಜಪ್ಪನನ್ನ ಎಲ್ಲೋ ದೂರಕ್ಕೆ ಎತ್ತಂಗಡಿ ಮಾಡಿದರು.

ಮಗುವನ್ನ ಕರೆದುಕೊಂಡು ಹೋಗೋಕೆ ಪೊಲೀಸರು ಜೀಪಿನಲ್ಲಿ ಬಂದರು. ಇವಳು ಸುದ್ದಿ ತಿಳಿದು ಅಲ್ಲಿಗೆ ಓಡಿದ್ದಳು. ತಾಯಿ ಮಗಳಿಗೆ ಜಡೆ ಹಾಕುತ್ತಿದ್ದಳಂತೆ. ಒಂದು ಹೆಣೆದಾಗಿತ್ತು, ಇನ್ನೊಂದು ಬಾಕಿ. ಒಂದು ನಿಮಿಷ ತಡೀರಿ ಅಂತ ಇವಳು ಕೇಳಿದ್ದಾಳೆ. ಆ ಪೊಲೀಸಿನ ಹೆಂಗಸು, ಮೇಡಂ ನೀವು ಹೇಳಿದಿರಿ ಅಂತ ತಡೆದರೆ ನಾಳೆ ನನ್ನನ್ನೂ ಎತ್ತಂಗಡಿ ಮಾಡ್ತಾರೆ, ಕ್ಷಮಿಸಿ ಅಂದಳಂತೆ. ನೋಡಿದೆಯಾ ನಿನ್ನ ಹುದ್ದೆಯ ಜೋರು. ದೇಶದಲ್ಲಿ ಬೇರೆ ಯಾವ ವಕೀಲಳು ಕೇಳಿದ್ದರೂ ಒಂದು ಜಡೆ ಹೆಣೆಯುವಷ್ಟು ಹೊತ್ತು ಸಿಗುತ್ತಿತ್ತು.

ಅದೇ ಸಂಜೆ ಅವಳು ನಿನ್ನ ಹತ್ತಿರ ಬಂದಳು. ದಾರಿಯುದ್ದಕ್ಕೂ ಏನೂ ತಿಂದಿರಲಿಲ್ಲ. ನಿನಗೆ ಒಂದು ವಿಷಯ ಹೇಳಬೇಕು ಅಂತಲೇ ಬಂದದ್ದು. ಒಳಗೆ ಕಾಲಿಟ್ಟರೆ ಟೀವಿಯಲ್ಲಿ ನೀನು. ನ್ಯಾಯಾಲಯವು ನನ್ನ ಹುದ್ದೆಗೆ ತೋರಿಸಿದ ಗೌರವದಿಂದ ಮುಜುಗರವಾಗಿದೆ, ಆದ್ದರಿಂದ ನನ್ನ ಪತ್ನಿ ಇನ್ನು ಮುಂದೆ ವಕೀಲಿ ಮಾಡುವುದಿಲ್ಲ, ಅಂತ. ಊರಿಗೆಲ್ಲ ಗೊತ್ತಾದ ಹೊತ್ತಿಗೇ ಅವಳಿಗೂ ಗೊತ್ತಾಯಿತು, ತಾನು ವಕೀಲಿ ಬಿಟ್ಟೆ ಅಂತ.

ನೀನು ಕೆಟ್ಟವನಲ್ಲ. ಸುತ್ತ ಇದ್ದವರು ಬರೆದುಕೊಟ್ಟದ್ದನ್ನ ಓದಿದ್ದೀಯ, ಕುರ್ಚಿ ಅಲ್ಲಾಡುತ್ತಿತ್ತು, ಇದೆಲ್ಲ ನನಗೆ ಅರ್ಥ ಆಗುತ್ತದೆ. ಆದರೆ ಗಂಡನಾದವನು ಹೆಂಡತಿಯನ್ನ ಒಂದು ಮಾತು ಕೇಳಬೇಕಿತ್ತು. ಬಿಡು ಅಂತ ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು, ಜಗಳ ಆಡುತ್ತಿದ್ದಳು, ತಕರಾರು ಎತ್ತುತ್ತಿದ್ದಳು. ನೀನು ಕೇಳಲೇ ಇಲ್ಲ. ಒಂದು ಪೆಟ್ಟಿಗೆ ಹಿಡಕೊಂಡು ಇಲ್ಲಿಗೆ ಬಂದಳು.

ಕಂಡಕ್ಟರಮ್ಮನ ಕೇಸು ಮತ್ತೆ ಮೊದಲಿನಿಂದ ಶುರುವಾದಾಗ ಅವಳ ಕೈಕೆಳಗಿನ ಚಿಕ್ಕ ವಕೀಲಮ್ಮ ನಿಂತಳು. ಬುದ್ಧಿವಂತೆ, ಆದರೆ ಇನ್ನೂ ದನಿ ಗಟ್ಟಿಯಾಗಿಲ್ಲ. ಇವಳು ಒಳಗೆ ಹೋಗುವ ಹಾಗಿಲ್ಲ, ಹೊರಗೆ ಕೋರ್ಟಿನ ಮೆಟ್ಟಿಲ ಮೇಲೆ ಟೈಪು ಮಾಡುವವರ ಪಕ್ಕ ಕೂತು ಹೇಳಿಕೊಡುತ್ತೇನೆ ಅಂದಳು. ಒಂದು ದಿನ ಕೂತಳು. ಮಾರನೇ ದಿನ ನಿನ್ನ ಕಾವಲಿನವರು ಬಂದು, ಮೇಡಂ ಕೂರುವ ಜಾಗ ಅಂತ ಟೈಪಿನವರನ್ನೆಲ್ಲ ಅವರ ಮೇಜು ಸಮೇತ ಎಬ್ಬಿಸಿದರು. ಅಪ್ಪನ ಕಾಲದಿಂದ ಅಲ್ಲೇ ಕೂತು ಅರ್ಜಿ ಟೈಪು ಮಾಡುತ್ತಿದ್ದ ಒಬ್ಬ ಮುದುಕ, ಅಮ್ಮಾ ನಿಮ್ಮಿಂದ ಉಪಕಾರ ಆಗಿದೆ, ಈಗ ಇಲ್ಲಿಗೆ ಬರದೇ ಇದ್ದು ಇನ್ನೊಂದು ಉಪಕಾರ ಮಾಡಿ ಅಂತ ಕೈ ಮುಗಿದ. ಅವಳು ಅಲ್ಲಿಗೂ ಹೋಗಲಿಲ್ಲ.

ಹೊಸ ಜಡ್ಜಮ್ಮ ಒಳ್ಳೆಯವಳೇ. ಮಗುವನ್ನ ತನ್ನ ಕೋಣೆಗೆ ಕರೆಸಿ, ಬಿಸ್ಕತ್ತು ಕೊಟ್ಟು, ನಿನಗೆ ಯಾರ ಹತ್ತಿರ ಇರೋಕೆ ಇಷ್ಟ ಅಂತ ಕೇಳಿದಳಂತೆ. ಚಿಕ್ಕ ವಕೀಲಮ್ಮ ಅಲ್ಲೇ ಇದ್ದಳು, ಇಲ್ಲಿಗೆ ಬಂದು ಹೇಳುವಾಗ ಅವಳ ಬಾಯಿ ಸೊಟ್ಟಗಾಗುತ್ತಿತ್ತು. ಮಗು ಬಿಸ್ಕತ್ತು ಕೆಳಗಿಟ್ಟಿತಂತೆ. ಆಮೇಲೆ, ಅಪ್ಪನ ಮನೆ ಅಂತಂತೆ. ಯಾಕಮ್ಮಾ, ಅಮ್ಮ ಇಷ್ಟ ಇಲ್ವಾ ಅಂತ ಕೇಳಿದರೆ, ಅಮ್ಮ ಇಷ್ಟ, ಆದ್ರೆ ಅಪ್ಪನ ಮನೇಲಿದ್ರೆ ಜೀಪು ಬರಲ್ಲ, ಅಂತಂತೆ.

ಇನ್ನೇನು ಬರೆಯಲಿ. ಜಡ್ಜಮ್ಮ ಮಗು ಹೇಳಿದ ಹಾಗೆ ಬರೆದಳು.

ಕಂಡಕ್ಟರಮ್ಮ ಆ ಸಂಜೆ ಇಲ್ಲಿಗೆ ಬಂದಿದ್ದಳು. ಬೈಯುತ್ತಾಳೆ, ಬೈಯಲಿ ಅಂತ ಇವಳು ಕಾದಿದ್ದಳು ಅಂತ ಕಾಣುತ್ತದೆ, ಬಾಗಿಲಲ್ಲೇ ನಿಂತಿದ್ದಳು. ಆಕೆ ಬೈಯಲಿಲ್ಲ. ನೀವು ಬರದೇ ಬೇರೆ ಯಾರಾದರೂ ವಕೀಲರು ಬಂದಿದ್ದರೆ ನಾನು ಅವತ್ತೇ ಸೋಲುತ್ತಿದ್ದೆ, ಆದರೆ ಮಗು ಹೆದರುತ್ತಿರಲಿಲ್ಲ ಅಂದಳು. ಸಿಟ್ಟಿನಿಂದಲ್ಲ, ಬಸ್ಸಿನಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಹೇಳುವ ಹಾಗೆ ಹೇಳಿದಳು. ಸಂಜೆ ಪಾಳಿ ಇದೆ ಅಂತ ಎದ್ದು ಹೋದಳು. ಅಂದಿನಿಂದ ಇವಳು ಗೋಡೆ ನೋಡುತ್ತಾ ಮಲಗಿದ್ದಾಳೆ.

ಈಗ ನಿನ್ನ ವಿಷಯ. ಶನಿವಾರದ ಊಟಕ್ಕೆ ಅವಳು ಬರೋದಿಲ್ಲ. ಇನ್ನೊಂದು ಸಲ ಕಾರು ಕಳಿಸಿದರೆ ಇಸ್ತ್ರಿಯವನ ಕೆಂಡ ನಾನೇ ಅದರೊಳಗೆ ಸುರಿಯುತ್ತೇನೆ, ಹುಷಾರ್. ಆ ಮಗುವನ್ನ ತರಲು ಜೀಪು ಬಂತು, ಇವಳನ್ನ ತರಲು ಕಾರು ಬಂತು. ಕಾರು ಉದ್ದ ಇದೆ, ಅಷ್ಟೇ ವ್ಯತ್ಯಾಸ. ನೀನೇ ಬಾ. ಮುಂದೆ ಹಿಂದೆ ಯಾರೂ ಬೇಡ. ನಿನ್ನ ಕಾವಲಿನವರು ಬಿಡೋದಿಲ್ಲ ಅಂದರೆ ಓಣಿಯ ತುದಿಯಲ್ಲಿ ನಿಲ್ಲಿಸಿ ಬಾ. ಬಂದು ಕ್ಷಮೆ ಕೇಳಬೇಡ, ಅವಳಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಕೋರ್ಟಿನಲ್ಲಿ ಅವತ್ತು ಏನಾಯಿತು ಅಂತ ಕೇಳು. ಅಷ್ಟೇ. ದೇಶದಲ್ಲಿ ಎಲ್ಲರೂ ಅವಳಿಗೆ ಅವತ್ತು ಏನಾಯಿತು ಅಂತ ಹೇಳಿದ್ದಾರೆ, ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ.

ಏನಾಯಿತು ಅಂತ ಈಗ ನನಗೆ ಗೊತ್ತು. ಆದರೆ ಬರೆಯೋದಿಲ್ಲ. ಅದು ಅವಳು ತನ್ನ ಬಾಯಿಂದ ತನ್ನ ಗಂಡನಿಗೆ ಹೇಳಬೇಕಾದ ಮಾತು. ನಡುವೆ ಬಾಯಿ ಹಾಕೋಕೆ ನಾನು ಯಾರು?

ಬಂದರೆ ಅವಳು ನಿನ್ನ ಜೊತೆ ವಾಪಸ್ ಬರುತ್ತಾಳೆ ಅಂತ ನಾನು ಮಾತು ಕೊಡುವುದಿಲ್ಲ. ಕರಿ ಕೋಟು ಮತ್ತೆ ಹಾಕುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ. ಹಾಕಿದರೂ ಯಾವ ಜಡ್ಜು ಧೈರ್ಯವಾಗಿ ಅವಳ ಮುಖ ನೋಡುತ್ತಾನೆ ಹೇಳು. ಬರದಿದ್ದರೆ ಮಾತ್ರ ಏನಾಗುತ್ತದೆ ಅಂತ ಗೊತ್ತು. ನೀನು ಅಲ್ಲಿ ಬಂಗಾರದ ಕೈಯಿರುವ ಕುರ್ಚಿಯಲ್ಲಿ, ಅವಳು ಇಲ್ಲಿ ಗೋಡೆಯ ಮುಂದೆ. ನನ್ನ ವಯಸ್ಸಿನಲ್ಲಿ ಎರಡು ಕಡೆಗೂ ಓಡಾಡಿ ನಿಮ್ಮಿಬ್ಬರಿಗೆ ಅನ್ನ ಹಾಕೋಕೆ ಆಗೋದಿಲ್ಲ ಮಗಾ.

ಎದೆ ಹಗುರ ಆಗಲಿ ಅಂತ ಬರೆಯೋಕೆ ಕೂತೆ. ಆಗಲಿಲ್ಲ. ಕಣ್ಣೂ ಮಂಜಾಗುತ್ತಿದೆ, ನಿಲ್ಲಿಸುತ್ತೇನೆ. ಸಕ್ಕರೆ ಕಮ್ಮಿ ತಿನ್ನು.

ನಿನ್ನನ್ನ ಇನ್ನೂ ಬಿಟ್ಟುಕೊಡದ,
ಅಜ್ಜಿ

ಮತ್ತೊಂದು ಮಾತು:

ಲಕೋಟೆ ಅಂಟಿಸಿದ್ದೆ. ಬಿಚ್ಚಿದೆ. ನಡುವೆ ಬಾಯಿ ಹಾಕೋದಿಲ್ಲ ಅಂತ ಬರೆದವಳು ನಾನೇ, ಆದರೆ ನೀನು ಬರದೇ ಹೋದರೆ ಇದು ನನ್ನ ಜೊತೆಗೇ ಮಣ್ಣಾಗುತ್ತದೆ ಅಂತ ಭಯವಾಯಿತು.

ಭಾನುವಾರ ಒಬ್ಬ ಮನುಷ್ಯ ಬಂದಿದ್ದ. ಬಸ್ಸಿನಲ್ಲಿ ಬಂದು ಧೂಳು ಹಿಡಿದಿದ್ದ, ಕೈಯಲ್ಲಿ ಒಂದು ಚೀಲ. ಕೂರಿಸಿ ಯಾರು ಅಂತ ಕೇಳಿದರೆ ಅದೇ ಜಡ್ಜಪ್ಪ. ಅಲ್ಲಿ ಎತ್ತರದಲ್ಲಿ ಕೂತಾಗ ದೊಡ್ಡವನಾಗಿ ಕಂಡಿದ್ದ, ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಾರೋ ಗುಮಾಸ್ತೆಯ ಹಾಗಿದ್ದ. ಅಷ್ಟರಲ್ಲಿ ಇವಳು ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ನನ್ನ ಹಳೇ ನಿಲುವಂಗಿಯಲ್ಲಿ ಬಚ್ಚಲಿನಿಂದ ಬಂದಳು. ಯಾರು ಬಂದದ್ದು ಅಂತ ಗೊತ್ತಿರಲಿಲ್ಲ ಅವಳಿಗೆ. ಆ ಮನುಷ್ಯ ಅವಳನ್ನ ನೋಡಿದವನೇ ಕುರ್ಚಿಯ ಕೈ ಹಿಡಿದು ಎದ್ದ. ಅದೇ ಥರ. ಈ ಸಲ ಪೂರ್ತಿ ಎದ್ದ.

ಕೂತ್ಕೋ ಮಾರಾಯಾ, ಇನ್ನೂ ಬಿಟ್ಟಿಲ್ವಾ ನೀನು ಈ ಅಭ್ಯಾಸ ಅಂದಳು ಇವಳು. ಅಂದು ಅಳೋಕೆ ಶುರು ಮಾಡಿದಳು. ಅವನೂ ಅತ್ತ.

ನೀನು ಅವಳಿಗೆ ಸಿಗುವುದಕ್ಕೆ ಮುಂಚೆ ಅವಳು ಬಂದರಿನ ಊರಿನಲ್ಲಿ ವಕೀಲಿ ಮಾಡುತ್ತಿದ್ದಳಲ್ಲ, ಅಲ್ಲಿ ಅವಳ ಕಚೇರಿಯಲ್ಲಿ ಇವನು ಹೊಸ ಜೂನಿಯರ್. ಕೆಲಸ ಕಲಿತದ್ದೆಲ್ಲ ಅವಳ ಕೈಕೆಳಗೆ. ಅವಳು ಬಾಗಿಲು ತಳ್ಳಿಕೊಂಡು ದಡದಡ ಒಳಗೆ ಬಂದರೆ ಇವನು ಎದ್ದು ನಿಲ್ಲುತ್ತಿದ್ದ, ದಿನಾ. ಆ ದಿನ ಕೋರ್ಟಿನಲ್ಲಿ ತಲೆ ಎತ್ತಿದಾಗ ಕಂಡದ್ದು ಅಧ್ಯಕ್ಷರ ಹೆಂಡತಿಯಲ್ಲ ಅಜ್ಜೀ, ನಮ್ಮ ಮೇಡಂ, ಕಾಲು ನನ್ನ ಮಾತು ಕೇಳಲಿಲ್ಲ ಅಂದ. ಅವಳಿಗೆ ಅದು ಆಗಲೇ ಗೊತ್ತಾಗಿತ್ತು. ಮೇಲಿನ ಕೋರ್ಟಿನಲ್ಲಿ ಹೇಳಿದ್ದರೂ ಆ ತೀರ್ಪು ಉಳಿಯುತ್ತಿರಲಿಲ್ಲವಂತೆ, ಗಂಡನ ಜೋರು ಅನ್ನುವ ಬದಲು ಗುರುವಿನ ಜೋರು ಅನ್ನುತ್ತಿದ್ದರು, ಇವನ ನೌಕರಿಯೂ ಹೋಗುತ್ತಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡಳು. ಯಾರಿಗೂ ಬೇಡ, ನಿನಗೊಬ್ಬನಿಗೆ ಹೇಳಬೇಕು ಅಂತಲೇ ಆ ಸಂಜೆ ಅಷ್ಟು ದೂರ ಬಂದದ್ದು. ನೀನು ಅಷ್ಟರೊಳಗೆ ಅದು ನನ್ನ ಹುದ್ದೆಗೆ ತೋರಿಸಿದ ಗೌರವ ಅಂತ ದೇಶಕ್ಕೆಲ್ಲ ಹೇಳಿ ಆಗಿತ್ತು.

ಅವನು ಎದ್ದದ್ದು ನಿನಗಲ್ಲ ಅಳಿಯಾ. ನಿನ್ನ ಹೆಸರೇ ಇಲ್ಲದ ಕಾಲದ್ದು ಅದು. ಅವಳು ತಾನೇ ದುಡಿದು ಗಳಿಸಿದ್ದರಲ್ಲಿ ಉಳಿದದ್ದು ಅದೊಂದು, ಅದನ್ನೂ ನಾವಿಬ್ಬರೂ ಸೇರಿ ನಿನ್ನ ಲೆಕ್ಕಕ್ಕೆ ಬರೆದುಕೊಂಡೆವು.

ಈಗ ನಿನಗೂ ಗೊತ್ತಾಯಿತು. ಆದರೂ ಗೊತ್ತಿಲ್ಲದವನ ಹಾಗೆ ಬಂದು ಕೇಳು. ಅವಳು ಹೇಳಲಿ.